ಬಲಕ್ಕೆ ತಿದ್ದಿದ ನೆರಳು

ಎಕ್ಸ್‌ರೇ ಸೆಂಟರಿನಲ್ಲಿ ಎಲ್ಲರಿಗೂ ಆಕೆ ತಿದ್ದುಪಡಿ ಅಕ್ಕ. ಕತ್ತಲೆಕೋಣೆಗೂ ಬಚ್ಚಲಿಗೂ ನಡುವೆ, ಎರಡು ಕುರ್ಚಿ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲದ ಗೂಡಿನಲ್ಲಿ ಕುಳಿತು, ಇಪ್ಪತ್ತಾರು ವರ್ಷ ಆಕೆ ಬೇರೆಯವರ ಎಲುಬು, ಹೃದಯ, ಶ್ವಾಸಕೋಶಗಳನ್ನು ಟೈಪ್ ಮಾಡಿದಳು. ಫಿಲ್ಮು ನೋಡುವ ಡಾಕ್ಟರು ದಿನಕ್ಕೆ ಎಪ್ಪತ್ತು ಎಂಬತ್ತು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕಂಡದ್ದನ್ನು ಅಂಗೈಯಗಲದ ಟೇಪ್‌ರೆಕಾರ್ಡರಿಗೆ ಹೇಳುತ್ತಿದ್ದರು. ಹೇಳುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಬಾಯಲ್ಲಿ ಸದಾ ಲವಂಗ ಇರುತ್ತಿದ್ದುದರಿಂದ ಅರ್ಧ ಮಾತು ಲವಂಗದ ಪಾಲಾಗಿ ಉಳಿದರ್ಧ ಟೇಪಿನ ಪಾಲಾಗುತ್ತಿತ್ತು. ಬೆನ್ನ ಹಿಂದೆ ಅವರಿಗೆ ಗೊಣಗು ಡಾಕ್ಟರು ಎಂದೇ ಹೆಸರು. ಆ ಗೊಣಗಾಟವನ್ನು ಕಿವಿಗೆ ಹಾಕಿಕೊಂಡು ಅಚ್ಚುಕಟ್ಟಾದ ರಿಪೋರ್ಟು ಮಾಡಬಲ್ಲವಳು ಆಕೆ ಒಬ್ಬಳೇ. ಆಕೆ ರಜೆ ಹಾಕಿದ ದಿನ ಸೆಂಟರು ಕುಂಟುತ್ತಿತ್ತು.

ಗೊಣಗು ಡಾಕ್ಟರು ತಮ್ಮ ಕೆಲಸದಲ್ಲಿ ಗಟ್ಟಿಗರು. ಕೂದಲೆಳೆಯಷ್ಟು ಬಿರುಕೂ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಎಡ ಬಲ ಹೇಳುವಾಗ ಮಾತ್ರ ನಾಲಿಗೆ ಜಾರುತ್ತಿತ್ತು. ಫಿಲ್ಮಿನಲ್ಲಿ ರೋಗಿ ನಮ್ಮೆದುರು ಮುಖ ಮಾಡಿ ನಿಂತಂತಲ್ಲವೇ, ಅವನ ಬಲ ನಮ್ಮ ಎಡಕ್ಕಿರುತ್ತದೆ. ಬೆಳಗ್ಗೆ ಹತ್ತಕ್ಕೆ ಸರಿಯಾಗಿದ್ದ ಈ ಲೆಕ್ಕ ಮಧ್ಯಾಹ್ನ ಮೂರರ ಹೊತ್ತಿಗೆ ಹಳ್ಳ ಹಿಡಿಯುತ್ತಿತ್ತು. ಒಮ್ಮೆ ಒಬ್ಬನ ಬಲಮೊಣಕಾಲು ಟೇಪಿನಲ್ಲಿ ಎಡಮೊಣಕಾಲಾಗಿ ಬಂತು. ಅಕ್ಕ ಚೀಟಿ ನೋಡಿದಳು, ಅನುಮಾನ ಬಂತು, ಎದ್ದು ಹೋಗಿ ಕೇಳಿದಳು. ಡಾಕ್ಟರು ಫಿಲ್ಮನ್ನು ಮತ್ತೆ ಸಿಕ್ಕಿಸಿ ನೋಡಿ ಹಣೆ ಚಚ್ಚಿಕೊಂಡರು.

"ನೀನಿಲ್ದೇ ಹೋಗಿದ್ರೆ ಇವತ್ತು ನನ್ನ ಮಾನ ಮೂರು ಕಾಸಿಗೆ ಹರಾಜಾಗ್ತಿತ್ತು ಕಣಮ್ಮ," ಎಂದರು.

ಆಮೇಲೆ ಇಂಥದ್ದು ನಾಲ್ಕಾರು ಸಲ ಆಯಿತು. ಪ್ರತಿ ಸಲವೂ ಆಕೆಯೇ ಸರಿ, ಡಾಕ್ಟರೇ ತಪ್ಪು. ಕೊನೆಗೊಂದು ದಿನ ಕೆಲಸದ ಭರಾಟೆಯಲ್ಲಿ ಅವರೇ ಹೇಳಿಬಿಟ್ಟರು: "ಪ್ರತಿ ಸಲ ಎದ್ದು ಬರ್ಬೇಡ. ತಪ್ಪು ಅಂತ ಗೊತ್ತಾದ್ರೆ ನೀನೇ ತಿದ್ಬಿಡು. ನಾನು ಸಹಿ ಹಾಕ್ತೀನಿ." ಅಕ್ಕನಿಗೆ ಅದು ಪದವಿ ಸಿಕ್ಕಿದಷ್ಟು ಖುಷಿ ಕೊಟ್ಟಿತು. ತಿದ್ದುಪಡಿ ಅಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ. ಹೊಗಳಿಕೆ ಯಾರಿಗೆ ತಾನೇ ಬೇಡ? ಬರಬರುತ್ತಾ ಎದ್ದು ಹೋಗಿ ಕೇಳುವ ರೂಢಿ ನಿಂತೇಹೋಯಿತು. ಹತ್ತು ಸಲ ಸರಿಯಿದ್ದವರಿಗೆ ಹನ್ನೊಂದನೆಯ ಸಲ ತಪ್ಪುವುದು ಕಾಣಿಸುವುದಿಲ್ಲ, ಅದೇ ಇದರ ಕೆಡುಕು.

ಆಕೆಗೆ ಇದ್ದವರೆಂದರೆ ಅಣ್ಣ, ಅತ್ತಿಗೆ. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಣ್ಣನ ಮನೆಯ ಪಕ್ಕದ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡು, ಸಂಜೆ ಸೆಂಟರಿನಿಂದ ಬಂದವಳು ಮೊದಲು ಅಲ್ಲಿಗೆ ಹೋಗಿ ಕೂತು ಆಮೇಲೆ ತನ್ನ ಬೀಗ ತೆಗೆಯುತ್ತಿದ್ದಳು. ಅಣ್ಣ ಹಾರ್ಮೋನಿಯಂ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಗಳಿಂದ, ಪ್ರಾರ್ಥನಾ ಮಂದಿರಗಳಿಂದ, ಯಾರಯಾರದೋ ಮನೆಯ ಮೆಟ್ಟಿಲ ಕೆಳಗಿನಿಂದ ಹಳೆಯ ಪೆಟ್ಟಿಗೆಗಳು ಬರುತ್ತಿದ್ದವು. ತೇವದಲ್ಲಿ ವರ್ಷಗಟ್ಟಲೆ ಕೂತು ಅವುಗಳ ತಿದಿಯ ಮಡಿಕೆಗಳಲ್ಲಿ ಬೂದಿಬಣ್ಣದ ಬೂಷ್ಟು ಕಟ್ಟಿರುತ್ತಿತ್ತು. ಅಣ್ಣ ಅದನ್ನು ಬಾಯಿಂದ ಉಫ್ ಎಂದು ಊದಿ, ಹಳೆ ಬನಿಯನ್ನಿನಿಂದ ಒರೆಸಿ ಕೆಲಸಕ್ಕೆ ಕೂರುತ್ತಿದ್ದ. ಒಳಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು. ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡದ ಕಡೆ ಕೆರೆದರೆ ಇಳಿಯುತ್ತದೆ. ಉಜ್ಜಿದ ಮೇಲೆ ಪ್ರತಿಯೊಂದನ್ನೂ ತುಟಿಗಿಟ್ಟು ಉಸಿರು ಒಳಕ್ಕೆಳೆದು ನೋಡುತ್ತಿದ್ದ.

"ಊದಿ ನೋಡ್ಬಾರ್ದಾ ಅಣ್ಣ, ಆ ಧೂಳೆಲ್ಲ ಒಳಗೆ ಯಾಕೆ ಎಳ್ಕೋತೀಯ?" ಎಂದು ಆಕೆ ಒಮ್ಮೆ ಕೇಳಿದ್ದಳು.

"ಊದಿದ್ರೆ ಎಂಜಲು ತಾಗಿ ಹಿತ್ತಾಳೆಗೆ ಕಿಲುಬು ಬರುತ್ತೆ. ಎಳ್ಕೊಂಡೇ ನೋಡ್ಬೇಕು. ಅಪ್ಪ ಹೇಳ್ಕೊಟ್ಟಿದ್ದು," ಎಂದಿದ್ದ.

ಜನ ಅವನನ್ನು ಸ್ವರದ ಡಾಕ್ಟ್ರು ಎನ್ನುತ್ತಿದ್ದರು. ಪೆಟ್ಟಿಗೆ ಇನ್ನೂ ಬೀದಿಯಲ್ಲಿ ನುಡಿಯುತ್ತಿರುವಾಗಲೇ ಯಾವ ನಾಲಿಗೆ ಸೋತಿದೆ ಎಂದು ಒಳಗಿನಿಂದ ಕೂಗಿ ಹೇಳುವ ಕಿವಿ ಅದು. ಚಿಕ್ಕಂದಿನಲ್ಲಿ ತಂಗಿಗೂ ಕಲಿಸಲು ನೋಡಿದ್ದ. ಎರಡು ಸ್ವರ ನುಡಿಸಿ ಯಾವುದು ಮೇಲು ಎಂದು ಕೇಳಿದರೆ ಆಕೆ ಪ್ರತಿ ಸಲವೂ ತಪ್ಪು ಹೇಳುತ್ತಿದ್ದಳು. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನಿಂಗೆ ಕಿವಿ ಕೊಡೋದು ಮರೆತು ಎರಡು ಜೊತೆ ಕಣ್ಣು ಕೊಟ್ಟಿದಾರೆ," ಎಂದು ತಾನೇ ಟೈಪಿಂಗ್ ಕ್ಲಾಸಿಗೆ ಸೇರಿಸಿ ಬಂದ. ಅಪ್ಪ ಹೋದ ಮೇಲೆ ಆಕೆಯ ಓದು, ಮದುವೆ, ಗಂಡ ತೀರಿಕೊಂಡಾಗಿನ ಅಳು, ಎಲ್ಲವೂ ಅವನ ಹೆಗಲ ಮೇಲೇ ಆದದ್ದು.

ಅಣ್ಣನಿಗೆ ಕೆಮ್ಮು ಶುರುವಾದದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಅದೂ ಎಂಥ ಕೆಮ್ಮು? ಗೂರಲಿನವರಂತೆ ಎದೆ ಸುಯ್ಗುಟ್ಟುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿರಲಿಲ್ಲ. ಸಂಜೆ ಸಣ್ಣ ಜ್ವರ, ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಗುವಷ್ಟು ಇಳಿದ ಮೈ. ವಾರಕ್ಕೊಮ್ಮೆ ಜೋರಾಗಿ ಕೆಮ್ಮಿದಾಗ ಕಂದುಬಣ್ಣದ ಗಟ್ಟಿ ಚೂರೊಂದು ಬರುತ್ತಿತ್ತು, ಒಣಗಿದ ಅಂಟಿನ ಹಾಗೆ, ರಬ್ಬರಿನ ಹಾಗೆ. "ಮೂವತ್ತೈದು ವರ್ಷದ ಪೆಟ್ಟಿಗೆ ಪಾಲಿಶು ಹೊರಗೆ ಬರ್ತಿದೆ ಬಿಡೇ," ಎಂದು ಹೆಂಡತಿಗೆ ಹೇಳಿ ಅದನ್ನು ಮರದ ಹೊಟ್ಟಿನ ಜೊತೆ ಕಸಕ್ಕೆ ಹಾಕುತ್ತಿದ್ದ. ಡಾಕ್ಟರಿಗೆ ಹೇಳುವ ವಿಷಯ ಅದು ಎಂದು ಅವನಿಗೆ ಅನಿಸಲೇ ಇಲ್ಲ. ಕೈಗೆ ಕರಿ ಹತ್ತಿದ್ದನ್ನು ಕಮ್ಮಾರ ಡಾಕ್ಟರಿಗೆ ಹೇಳುತ್ತಾನೆಯೇ?

ತಂಗಿಯೇ ಸೆಂಟರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದಳು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಎಂದು ರಿಪೋರ್ಟು ಬಂತು. ಎದೆ ರೋಗದ ಹಿರಿಯ ಡಾಕ್ಟರು ಅದನ್ನು ಓದಿ ಕ್ಷಯ ಎಂದರು. ಕಫವನ್ನು ಮೂರು ಸಲ ಪರೀಕ್ಷೆ ಮಾಡಿದರೂ ಒಂದೇ ಒಂದು ಕ್ರಿಮಿ ಸಿಗಲಿಲ್ಲ. ಸಿಗದಿದ್ದರೇನು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಲೋಕದಲ್ಲಿ ಕಡಿಮೆಯೇ? ಮಾತ್ರೆ ಶುರುವಾಯಿತು. ಅತ್ತಿಗೆ ಅವನ ತಟ್ಟೆ ಲೋಟ ಬೇರೆ ಇಟ್ಟಳು, ಇಟ್ಟು ಒಳಗೆ ಹೋಗಿ ಅತ್ತಳು.

ಎರಡು ತಿಂಗಳಿಗೆ ಮತ್ತೊಂದು ಎಕ್ಸ್‌ರೇ. ಫಿಲ್ಮು ಒಣಗಿ, ಡಾಕ್ಟರ ಕೈದಾಟಿ, ಲಕೋಟೆಯೊಳಗೆ ಹೋಯಿತು. ಟೇಪು ಅಕ್ಕನ ಮೇಜಿಗೆ ಬಂತು. ತನ್ನ ಅಣ್ಣನ ಸರದಿ ಬಂದಾಗ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಟೇಪಿನಲ್ಲಿ ಲವಂಗದ ಸಂದಿಯಿಂದ ಹೀಗೆ ಬಂತು: ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು, ಉಳಿದ ಭಾಗ ಸರಿಯಾಗಿದೆ.

ಆಕೆ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಎಡ ಎಂದೇ ಇತ್ತು. ಬೇರೆ ಯಾರದ್ದೋ ರಿಪೋರ್ಟಾಗಿದ್ದರೆ ಹಾಗೇ ಟೈಪ್ ಮಾಡಿ ಮುಂದಿನದಕ್ಕೆ ಹೋಗುತ್ತಿದ್ದಳು. ಅಣ್ಣನದಾದ್ದರಿಂದ ಬೀರು ತೆರೆದು ಹಳೆಯ ರಿಪೋರ್ಟಿನ ಕಾರ್ಬನ್ ಪ್ರತಿ ಹುಡುಕಿದಳು. ಅದರಲ್ಲಿ ಬಲ ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಆಕೆಗೆ ನಗು ಬಂತು. ಲವಂಗದವರಿಗೆ ಇವತ್ತೂ ತಲೆ ತಿರುಗಿದೆ ಎಂದುಕೊಂಡು ಬಲ ಎಂದು ಟೈಪ್ ಮಾಡಿದಳು. ರಿಪೋರ್ಟಿನ ಕೆಳಗೆ ಎಂದಿನಂತೆ ತನ್ನ ಹೆಸರಿನ ಎರಡು ಅಕ್ಷರ ಹಾಕಿದಳು. ಸಂಜೆ ಗೊಣಗು ಡಾಕ್ಟರು ಎಪ್ಪತ್ತು ಸಹಿಗಳ ನಡುವೆ ಇದಕ್ಕೂ ಒಂದು ಸಹಿ ಎಳೆದರು. ಒಂದು ಅಕ್ಷರವನ್ನೂ ಓದಲಿಲ್ಲ. ಆಕೆ ಟೈಪ್ ಮಾಡಿದ್ದನ್ನು ಓದುವ ಅಗತ್ಯವಿಲ್ಲ ಎಂಬುದು ಅವರ ನಂಬಿಕೆ.

ನಿಜಕ್ಕೂ ಬಲಗಡೆಯ ನೆರಳು ಕರಗಿ ಹೋಗಿ ಎಡಗಡೆಯಲ್ಲಿ ಹೊಸದೊಂದು ಬಂದಿತ್ತು. ಹಿರಿಯ ಡಾಕ್ಟರ ಮೇಜಿನ ಮೇಲೆ ಫಿಲ್ಮು ಲಕೋಟೆಯಿಂದ ಹೊರಗೇ ಬರಲಿಲ್ಲ, ರಿಪೋರ್ಟು ಮಾತ್ರ ಬಂತು. ನೆರಳು ಇದ್ದಲ್ಲೇ ಇದೆ, ಮಾತ್ರೆ ನಾಟುತ್ತಿಲ್ಲ ಎಂದುಕೊಂಡರು. ಮತ್ತೆರಡು ತಿಂಗಳಿಗೆ ಎಡಗಡೆಯದೂ ಕರಗಿ ಬಲಗಡೆಯ ಕೆಳಭಾಗದಲ್ಲಿ ಮತ್ತೊಂದು ಹುಟ್ಟಿತು. ಗೊಣಗು ಡಾಕ್ಟರು ಬಲ ಕೆಳಭಾಗ ಎಂದರು, ಅಕ್ಕ ಬಲ ಕೆಳಭಾಗ ಎಂದೇ ಟೈಪ್ ಮಾಡಿದಳು. ಹಿರಿಯ ಡಾಕ್ಟರು ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ ತಲೆ ಕೊಡವಿದರು.

"ಅದೇ ಕಡೆ ಕೆಳಗೆ ಇಳೀತಿದೆ. ಮಾಮೂಲಿ ಮಾತ್ರೆಗೆ ಬಗ್ಗದ ಜಾತಿ ಇದು. ಇಂಜೆಕ್ಷನ್ನೇ ಕೊಡ್ಬೇಕು. ಆರು ತಿಂಗಳು, ಒಂದು ದಿನಾನೂ ತಪ್ಪಿಸ್ಬಾರ್ದು."

ದಿನಾ ಬೆಳಗ್ಗೆ ಸೆಂಟರಿಗೆ ಹೋಗುವ ದಾರಿಯಲ್ಲಿ ಆಕೆಯೇ ಅಣ್ಣನನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುತ್ತಿದ್ದಳು. ನರ್ಸು ಒಂದು ದಿನ ಎಡ ಪಿರ್ರೆ, ಒಂದು ದಿನ ಬಲ ಪಿರ್ರೆ ಎಂದು ಸರದಿ ಹಾಕಿಕೊಂಡಿದ್ದಳು. "ನಿನ್ನೆ ಯಾವ ಕಡೆ ಅಂತ ನನ್ನ ತಂಗೀನ ಕೇಳಮ್ಮ, ಅವಳು ಅದ್ರಲ್ಲಿ ಎಕ್ಸ್‌ಪರ್ಟು," ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಆಗ ಎಲ್ಲರೂ ನಕ್ಕರು. ಈಗ ಆ ಮಾತು ನೆನಪಾದರೆ ಅಕ್ಕನಿಗೆ ಎದೆಯಲ್ಲಿ ಚೂರಿ ಆಡಿಸಿದಂತಾಗುತ್ತದೆ.

ಮೂರನೆಯ ತಿಂಗಳಲ್ಲಿ ಅಣ್ಣ ಒಂದು ಶಾಲೆಯ ಪೆಟ್ಟಿಗೆ ಬಿಚ್ಚಿಕೊಂಡು ಬೈಯುತ್ತಾ ಕೂತಿದ್ದ. ಬಲತುದಿಯ ನಾಲ್ಕು ನಾಲಿಗೆಗಳು ನುಡಿಯುತ್ತಿಲ್ಲ ಎಂದ. ಬಿಚ್ಚಿ ನೋಡಿದರೆ ಒಂದರಲ್ಲೂ ದೋಷವಿಲ್ಲ. ಉಜ್ಜಿದ, ಬಗ್ಗಿಸಿದ, ಒಂದನ್ನು ಮುರಿದೇ ಹಾಕಿದ. ಅತ್ತಿಗೆ ಬಂದು ಬೆರಳಿಟ್ಟು ಒತ್ತಿದಳು.

"ಚೆನ್ನಾಗೇ ಕೇಳ್ತಿದೆಯಲ್ರೀ!"

ಅಣ್ಣ ಅವಳ ಬೆರಳನ್ನೇ ನೋಡುತ್ತಾ ಕೂತ. ಮೇಲಿನ ಸ್ವರಗಳು ಮೊದಲು ಹೋದವು. ಆಮೇಲೆ ಎರಡೂ ಕಿವಿಯಲ್ಲಿ ಸದಾ ಒಂದು ಕೂಗು ಶುರುವಾಯಿತು. ಹಿರಿಯ ಡಾಕ್ಟರಿಗೆ ಹೇಳಿದರೆ, "ಪ್ರಾಣ ಬೇಕೋ ಕಿವಿ ಬೇಕೋ?" ಎಂದರು. ಅಣ್ಣ ಇಂಜೆಕ್ಷನ್ ನಿಲ್ಲಿಸಿಬಿಡುತ್ತೇನೆ ಎಂದು ಹಟ ಹಿಡಿದ. ತಂಗಿ ಅವನ ಕೈ ಹಿಡಿದುಕೊಂಡು ಬೇಡಿಕೊಂಡಳು. "ಅರ್ಧಕ್ಕೆ ಬಿಟ್ರೆ ಇನ್ನೂ ಕಷ್ಟ ಅಣ್ಣ. ನನ್ನ ಮುಖ ನೋಡಿ ಮುಗಿಸು." ಅವನು ಆಕೆಯ ಮುಖ ನೋಡಿ ಮುಗಿಸಿದ. ಮುಗಿಯುವ ಹೊತ್ತಿಗೆ ಬಾಗಿಲು ಬಡಿದರೂ ಕೇಳಿಸದ ಹಾಗಾಗಿದ್ದ. ಕೆಮ್ಮು ಮಾತ್ರ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಹಿರಿಯ ಡಾಕ್ಟರು ನಿವೃತ್ತರಾದರು. ಅವರ ಕುರ್ಚಿಗೆ ಬಂದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಅಣ್ಣನ ಜೊತೆ ಅತ್ತಿಗೆಯೂ ಅಕ್ಕನೂ ಹೋಗಿದ್ದರು. ಡಾಕ್ಟರಮ್ಮ ಅವನ ಎದೆ ನೋಡುವ ಮೊದಲು ಕೈ ನೋಡಿದರು.

"ಏನು ಕೆಲಸ ಮಾಡ್ತಾರೆ?"

ಅತ್ತಿಗೆ ಹೇಳಿದಳು. ಉಸಿರು ಒಳಕ್ಕೆಳೆದು ನೋಡುವುದನ್ನು ಅಣ್ಣನೇ ತುಟಿಗೆ ಕೈಯಿಟ್ಟು ಅಭಿನಯಿಸಿ ತೋರಿಸಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಕೆಮ್ಮಿದಾಗ ಗಟ್ಟಿಯಾಗಿ ಏನಾದ್ರೂ ಬರುತ್ತಾ? ಕಂದು ಬಣ್ಣದ್ದು?"

"ಪಾಲಿಶು ಅಂತಾರೆ," ಎಂದಳು ಅತ್ತಿಗೆ.

"ಪಾಲಿಶು ಹಾಗೆ ಬರಲ್ಲಮ್ಮ. ಹಳೇ ಫಿಲ್ಮು ಎಲ್ಲ ತಂದಿದೀರಾ?"

ಲಕೋಟೆಗಳಿಂದ ಫಿಲ್ಮುಗಳು ಹೊರಬಂದವು. ಡಾಕ್ಟರಮ್ಮ ಮೂರನ್ನೂ ತಾರೀಖಿನ ಪ್ರಕಾರ ಬೆಳಕಿಗೆ ಸಿಕ್ಕಿಸಿ, ಒಂದರಿಂದ ಇನ್ನೊಂದಕ್ಕೆ ಬೆರಳಾಡಿಸಿದರು. ಮೊದಲನೆಯದು ಬಲ ಮೇಲೆ. ಎರಡನೆಯದು ಎಡ ಮೇಲೆ. ಮೂರನೆಯದು ಬಲ ಕೆಳಗೆ. "ನೋಡಿ, ಕ್ಷಯ ಇದ್ದಲ್ಲೇ ಬೇರು ಬಿಡುತ್ತೆ. ಹೀಗೆ ತಿಂಗಳಿಗೊಂದು ಮನೆ ಬದಲಾಯಿಸಲ್ಲ," ಎಂದವರು ರಿಪೋರ್ಟು ಕೈಗೆತ್ತಿಕೊಂಡು ಹುಬ್ಬು ಗಂಟಿಕ್ಕಿದರು. "ಇದ್ರಲ್ಲಿ ಎರಡ್ನೇದೂ ಬಲ ಅಂತಿದೆ. ಫಿಲ್ಮಲ್ಲಿ ಎಡಗಡೆ ಸ್ಪಷ್ಟವಾಗಿದೆ. ಟೈಪ್ ಮಾಡೋವಾಗ ಯಾರೋ ತಪ್ಪಿಸಿದಾರೆ."

ಅಕ್ಕ ಎದ್ದು ಫಿಲ್ಮಿನ ಹತ್ತಿರ ಹೋದಳು. ಇಪ್ಪತ್ತಾರು ವರ್ಷದಲ್ಲಿ ಲಕ್ಷಗಟ್ಟಲೆ ಫಿಲ್ಮುಗಳ ಬಗ್ಗೆ ಟೈಪ್ ಮಾಡಿದವಳು, ಒಂದನ್ನೂ ಬೆಳಕಿಗಿಟ್ಟು ನೋಡಿದವಳಲ್ಲ. ಹೃದಯ ಇರಬೇಕಾದ ಎಡಗಡೆಯೇ ಇತ್ತು, ಅದರ ಮೇಲ್ಗಡೆಯೇ ಹತ್ತಿಯ ಉಂಡೆಯಂಥ ನೆರಳು. ಗೊಣಗು ಡಾಕ್ಟರ ನಾಲಿಗೆ ಅಂದು ಜಾರಿರಲಿಲ್ಲ. ರಿಪೋರ್ಟಿನ ಕೆಳಗೆ ಆಕೆಯ ಎರಡು ಅಕ್ಷರಗಳು ಅಚ್ಚುಕಟ್ಟಾಗಿ ಕೂತಿದ್ದವು.

"ಆಗ್ಲೇ ಗೊತ್ತಾಗಿದ್ರೆ?" ಎಂದು ಕೇಳಿದಳು.

"ನೆರಳು ಜಾಗ ಬದಲಾಯಿಸಿದ್ದು ಕಂಡಿದ್ರೆ ಎಂಥವ್ರಿಗೂ ಅನುಮಾನ ಬರ್ತಿತ್ತು. ಇಂಜೆಕ್ಷನ್ ಬೇಕಾಗ್ತಿರ್ಲಿಲ್ಲ," ಎಂದರು ಡಾಕ್ಟರಮ್ಮ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ.

ತಿದ್ದಿದ್ದು ತಾನೇ ಎನ್ನದೆ ಅಕ್ಕ ಕುರ್ಚಿಗೆ ಹಿಂದಿರುಗಿ ಕೂತು ಫಿಲ್ಮುಗಳನ್ನು ಲಕೋಟೆಗೆ ತುಂಬತೊಡಗಿದಳು. ಅಂದು ಬಾಯಿ ಬಿಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಒಂದು ದಿನ ತಡೆದ ಮಾತು ಮರುದಿನ ಎರಡು ಪಟ್ಟು ಭಾರವಾಗುತ್ತದೆ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಬೂಷ್ಟಿನ ಸತ್ವದ ಒಂದು ಹನಿಯನ್ನು ಅಣ್ಣನ ಮುಂಗೈ ಮೇಲೆ ಬಿಟ್ಟು ಸೂಜಿಯಿಂದ ಚುಚ್ಚಿದರು. ಕಾಲು ಗಂಟೆಯಲ್ಲಿ ಅಲ್ಲಿ ನಾಣ್ಯದಷ್ಟು ದೊಡ್ಡ ದದ್ದು ಎದ್ದಿತು. ರಕ್ತದಲ್ಲಿ ಅಲರ್ಜಿಯ ಗುರುತುಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಏರಿದ್ದವು. ಕಂದು ಚೂರನ್ನು ಪರೀಕ್ಷಿಸಿದರೆ ಅದರೊಳಗೆ ಬೂಷ್ಟಿನ ಎಳೆಗಳು. ಬೂಷ್ಟು ಎಲ್ಲರ ಉಸಿರಿನಲ್ಲೂ ಹೋಗಿ ಬರುತ್ತದೆ, ಇವರ ಮೈ ಮಾತ್ರ ಅದನ್ನು ಕಂಡರೆ ರಣರಂಗ ಮಾಡುತ್ತದೆ, ಆ ಜಗಳದ ಕಸ ಶ್ವಾಸನಾಳದಲ್ಲಿ ಕಟ್ಟಿಕೊಂಡಲ್ಲೆಲ್ಲ ನೆರಳು ಬೀಳುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಸಾಮಾನ್ಯವಾಗಿ ಗೂರಲು ಇರುವವರಿಗೆ ಬರುವ ರೋಗವಂತೆ. ಇವನಿಗೆ ಗೂರಲಿನ ಸುಳಿವೂ ಇರಲಿಲ್ಲ, ಅದಕ್ಕೇ ಯಾರಿಗೂ ಹೊಳೆಯಲಿಲ್ಲವಂತೆ. ಮಾತ್ರೆ ಬದಲಾಯಿತು. ಮೂರು ವಾರದಲ್ಲಿ ಕೆಮ್ಮು ನಿಂತಿತು, ಆರು ವಾರದಲ್ಲಿ ಬೆಲ್ಟು ಹಳೆಯ ತೂತಿಗೆ ಬಂತು. ಅತ್ತಿಗೆ ತಟ್ಟೆ ಲೋಟಗಳನ್ನು ಒಟ್ಟಿಗೆ ಇಟ್ಟಳು. ಕಿವಿಯ ಡಾಕ್ಟರು ಮಾತ್ರ ಕೈಯಾಡಿಸಿ ಇಲ್ಲ ಎಂದರು. ಇಂಜೆಕ್ಷನ್ನಿಗೆ ಒಳಗಿನ ನರದ ಕೂದಲು ಸುಟ್ಟರೆ ಮತ್ತೆ ಚಿಗುರುವುದಿಲ್ಲ.

ಅಕ್ಕ ಗೊಣಗು ಡಾಕ್ಟರಿಗೆ ಹೇಳಿದಳು. ಅವರು ಲವಂಗ ಅಗಿಯುವುದನ್ನು ನಿಲ್ಲಿಸಿದರು.

"ಸಹಿ ಹಾಕಿದ್ದು ನಾನಲ್ವೇನಮ್ಮ. ಹೋಗ್ಲಿ ಬಿಡು, ಕೆದಕಿದ್ರೆ ಇಬ್ರಿಗೂ ಒಳ್ಳೇದಲ್ಲ," ಎಂದರು.

ಮರುದಿನದಿಂದ ಆಕೆ ಪ್ರತಿ ರಿಪೋರ್ಟಿಗೂ ಎದ್ದು ಹೋಗಿ ಕೇಳತೊಡಗಿದಳು. ಎಡವಾ ಡಾಕ್ಟ್ರೇ? ಬಲವಾ ಡಾಕ್ಟ್ರೇ? ಸೆಂಟರಿನವರು ಒಳಗೊಳಗೇ ನಕ್ಕರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಆಕೆಗೆ ಗೊತ್ತಿತ್ತು, ಆದರೂ ಕೇಳುತ್ತಿದ್ದಳು. ಆರು ತಿಂಗಳಿಗೆ ಅದೂ ಸಾಕಾಗಿ ಕೆಲಸ ಬಿಟ್ಟಳು. ಬೀಳ್ಕೊಡುಗೆಯ ದಿನ ಆಕೆ ಉಳಿಸಿದ ಬಲಮೊಣಕಾಲಿನ ಕಥೆಯನ್ನು ಗೊಣಗು ಡಾಕ್ಟರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ತಲೆ ತಗ್ಗಿಸಿ ಕೂತಿದ್ದಳು. ವಿನಯ ಎಂದುಕೊಂಡರು.

ಅಣ್ಣ ಕೆಲಸ ಬಿಡಲಿಲ್ಲ. ಬಾಯಿಗೆ ಮುಖವಾಡ ಕಟ್ಟಿಕೊಂಡು ಬೂಷ್ಟು ಒರೆಸುತ್ತಿದ್ದ. ನಾಲಿಗೆಗಳ ನಡುಕವನ್ನು ಉಗುರಿನ ತುದಿಯಿಂದ ಅಂದಾಜು ಮಾಡಿ ಶ್ರುತಿ ಕೂರಿಸಲು ನೋಡಿದ. ಒಂದು ದಿನ ಅವನ ಹಳೆಯ ಗಿರಾಕಿ, ಸಂಗೀತದ ಮೇಷ್ಟ್ರು ಬಂದು ರಿಪೇರಿಯಾದ ಪೆಟ್ಟಿಗೆ ನುಡಿಸಿ ನೋಡಿದರು. ಮಧ್ಯದಲ್ಲಿ ಕ್ಷಣಕಾಲ ನಿಲ್ಲಿಸಿ, ಮತ್ತೆ ನುಡಿಸಿ, ನಗುತ್ತಾ ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡು ಹೋದರು. ಅಣ್ಣ ತಂಗಿಯ ಕಡೆ ತಿರುಗಿದ.

"ಸರಿ ಇತ್ತಾ?"

ಆಕೆಗೆ ಹೇಗೆ ತಿಳಿಯಬೇಕು? ಆದರೂ ಸರಿ ಇತ್ತು ಎಂದು ತಲೆಯಾಡಿಸಿದಳು. ಮೇಷ್ಟ್ರು ಮತ್ತೆ ಬರಲಿಲ್ಲ. ಬೇರೆಯವರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಅವನಿಗೆ ಜಗಳವಾಡಲಾದರೂ ಒಂದು ದಾರಿಯಿರುತ್ತಿತ್ತು. ಅರಗಳು, ಚಿಮುಟಗಳು ಎಣ್ಣೆ ಹಚ್ಚಿಸಿಕೊಂಡು ಬಟ್ಟೆಯೊಳಗೆ ಮಲಗಿದವು. ಅಣ್ಣನಿಗೆ ಮುಂದಿನ ಕೋಣೆಯಲ್ಲಿ ಕೂತು ಬೀದಿಯಲ್ಲಿ ಹೋಗುವವರ ಬಾಯಿ ನೋಡುವುದೇ ಕೆಲಸವಾಯಿತು. ಹೀಗೆ ನೋಡಿ ನೋಡಿಯೇ ತುಟಿ ಓದುವುದನ್ನು ಕಲಿತ.

ಅಕ್ಕ ತನ್ನ ತಪ್ಪನ್ನು ಎರಡು ಸಲ ಅಣ್ಣನಿಗೆ ಹೇಳಿದ್ದಳು. ಒಮ್ಮೆ ಅವನು ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಅವನ ಬೆನ್ನಿಗೆ. ಇನ್ನೊಮ್ಮೆ ಕಿಟಕಿಯ ಕಡೆ ತಿರುಗಿ, ಪರದೆ ಸರಿಸುವವಳ ಹಾಗೆ. ಬಾಯಿಬಿಟ್ಟು, ಪೂರ್ತಿ, ಒಂದಕ್ಷರ ಬಿಡದೆ ಹೇಳಿದ್ದಳು. ಹೇಳಿ ಮುಗಿಸಿದಾಗ ಎದೆ ಸ್ವಲ್ಪ ಹಗುರಾಗುತ್ತಿತ್ತು, ಮನೆಗೆ ಹೋಗುವಷ್ಟರಲ್ಲಿ ಆ ಹಗುರಿಗೇ ನಾಚಿಕೆಯಾಗುತ್ತಿತ್ತು. ಒಂದು ಹಾಳೆಯ ಮೇಲೆ ಬರೆದು ಕೊಟ್ಟರೆ ಎರಡು ಸಾಲಿನ ಕೆಲಸ. ಅದನ್ನು ಮಾಡಲಿಲ್ಲ. ಕಿವುಡನಿಗೆ ಹೇಳಿ ಒಪ್ಪಿಸಿಕೊಂಡೆ ಎನ್ನುವುದು ಯಾವ ನ್ಯಾಯ? ಆಕೆಗೂ ಗೊತ್ತಿತ್ತು.

ಮೂರನೆಯ ಸಲ ಒಂದು ಭಾನುವಾರ ಬೆಳಗ್ಗೆ. ಅತ್ತಿಗೆ ಅಡುಗೆ ಮನೆಯಲ್ಲಿದ್ದಳು. ಅಣ್ಣ ಪತ್ರಿಕೆ ಓದುತ್ತಿದ್ದ. ಅಕ್ಕ ಕಪಾಟಿನ ಧೂಳು ಒರೆಸುವ ನೆಪದಲ್ಲಿ ಅವನಿಗೆ ಬೆನ್ನು ಮಾಡಿ ನಿಂತು ಶುರುಮಾಡಿದಳು. ಅರ್ಧಕ್ಕೆ ಬಂದಾಗ ಹಿಂದಿನಿಂದ ಅವನ ದನಿ ಬಂತು, ತನ್ನ ದನಿಯ ಅಳತೆ ತಿಳಿಯದವರು ಮಾತಾಡುವ ಹಾಗೆ ಜೋರಾಗಿ.

"ಮುಖ ಈ ಕಡೆ ಮಾಡಿ ಹೇಳು."

ಆಕೆ ಬಟ್ಟೆಯನ್ನು ಕಪಾಟಿನ ಮೇಲಿಟ್ಟು ತಿರುಗಿದಳು.

"ಮೂರು ಸಲ ಆಯ್ತು. ಬೆನ್ನು ತೋರಿಸ್ಕೊಂಡು ಏನೋ ಹೇಳ್ತೀಯ, ಭುಜ ಅಲ್ಲಾಡುತ್ತೆ. ಆಮೇಲೆ ಮೂಗು ಒರೆಸ್ಕೋತೀಯ. ಏನದು? ಇಲ್ಲಿ ಬಂದು ಕೂತ್ಕೋ."

ಆಕೆ ಎದುರಿನ ಕುರ್ಚಿಯಲ್ಲಿ ಕೂತಳು. ಅಣ್ಣ ಪತ್ರಿಕೆ ಮಡಿಸಿ ಆಕೆಯ ತುಟಿಗಳ ಮೇಲೆ ಕಣ್ಣಿಟ್ಟ. ಆಕೆ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು. ಟೇಪಿನಲ್ಲಿ ಎಡ ಎಂದಿದ್ದದ್ದು. ಹಳೆಯ ಪ್ರತಿ ತೆಗೆದು ನೋಡಿದ್ದು. ಬಲ ಎಂದು ತಿದ್ದಿದ್ದು. ಡಾಕ್ಟರಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು. ಅವನು ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಒಂದೇ ಮಾತು ಕೇಳಿದ.

"ಟೈಪ್ ಮಾಡೋವಾಗ ಒಂಚೂರಾದ್ರೂ ಅನುಮಾನ ಬಂತಾ?"

ಬಂತು ಎಂದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ತನಗಾಗಿ ಒಂದು ಕ್ಷಣ ತಡವರಿಸಿದ್ದಳು ಎಂದಾದರೂ ಉಳಿಯುತ್ತಿತ್ತು. ಸುಳ್ಳು ಹೇಳಲು ಆಕೆಗೆ ನಾಲಿಗೆ ಬರಲಿಲ್ಲ.

"ಇಲ್ಲ ಅಣ್ಣ. ಅನುಮಾನಾನೇ ಬರ್ಲಿಲ್ಲ."

"ಇನ್ನೊಂದ್ಸಲ ಹೇಳು."

"ಬರ್ಲಿಲ್ಲ."

ಅಣ್ಣ ಕಣ್ಣು ಆಕೆಯ ತುಟಿಯಿಂದ ತೆಗೆದು ಬಾಗಿಲ ಕಡೆ ನೋಡಿದ. ಬೈಯಲಿಲ್ಲ. ಹೊಟ್ಟೆಗೆ ಹಾಕಿಕೊಂಡೆ ಎಂದೂ ಹೇಳಲಿಲ್ಲ. ಒಳಗೆ ಪಾತ್ರೆಗಳ ಸದ್ದು ಕೇಳುತ್ತಿತ್ತು, ಆಕೆಯೊಬ್ಬಳಿಗೆ.

"ನಿಮ್ಮತ್ತಿಗೆಗೆ ನೀನೇ ಹೋಗಿ ಹೇಳು," ಎಂದ. "ಈಗ್ಲೇ ಹೇಳು. ಅವಳು ಅತ್ರೆ ನಂಗೆ ಕೇಳ್ಸಲ್ಲ. ನೀನಾದ್ರೂ ಕೇಳು."

ಆಕೆ ಎದ್ದು ಅಡುಗೆ ಮನೆಗೆ ಹೋದಳು.